ಬಿಳಿ ಪಂಚೆಗಳ ರನ್‌ವೇ

ಈ ಊರಿನ ಮಕ್ಕಳ ಮಟ್ಟಿಗೆ ವಿಮಾನವೆಂದರೆ ಚಪ್ಪಟೆ. ಬೇಸಿಗೆ ಶಿಬಿರದ ಮೊದಲ ದಿನ ನಾನು ಶಾಲೆಯ ಗೋಡೆಗೆ ತೂಗುಹಾಕಿದ ವಿಮಾನದ ಬಣ್ಣದ ಪಟ ನೋಡಿ ಅವರೆಲ್ಲ ಬಿದ್ದು ಬಿದ್ದು ನಕ್ಕರು. "ಟೀಚರ್, ಇದಕ್ಕೆ ಹೊಟ್ಟೆ ಬೇರೆ ಇದೆ!" ಎಂದ ಶರಭ ಎಂಬ ಹುಡುಗ. ಅಷ್ಟು ದಪ್ಪ ಹೊಟ್ಟೆ ಇಟ್ಟುಕೊಂಡು ಯಾವುದೂ ಹಾರಲಾರದು ಎನ್ನುವುದು ಅವನ ವಾದ. ಅದಕ್ಕೆ ಸಾಕ್ಷಿಯಾಗಿ ಅವನು ತನ್ನ ಸೋದರಮಾವನ ಹೆಸರು ಹೇಳಿದ. ಈ ಮಕ್ಕಳು ಹುಟ್ಟಿದಾಗಿನಿಂದ ಕಂಡ ವಿಮಾನ ದೋಸೆಗಿಂತ ತೆಳ್ಳಗೆ, ಬೂದಿ ಬಣ್ಣಕ್ಕೆ, ನೆಲದ ಮೇಲೆ ಹರಿದುಕೊಂಡು ಹೋಗುವಂಥದ್ದು. ಗೋಡೆ ಅಡ್ಡ ಬಂದರೆ ಗೋಡೆ ಹತ್ತುತ್ತದೆ, ಬಾವಿ ಬಂದರೆ ಒಳಗಿಳಿದು ಆಚೆ ಕಡೆ ಏಳುತ್ತದೆ. ನಿಜವಾದ ವಿಮಾನ ಆಕಾಶದಲ್ಲಿರುತ್ತದೆ ಎಂದು ನಾನು ಹೇಳಿದಾಗ ಹಿಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, ದೊಡ್ಡವರ ತಪ್ಪು ತಿದ್ದುವಾಗ ಇರಬೇಕಾದಷ್ಟು ಸೌಜನ್ಯದಿಂದ ಕೇಳಿದಳು: "ಆಕಾಶದಲ್ಲಿ ಯಾಕೆ ಟೀಚರ್? ಅಲ್ಲಿ ಹತ್ತೋರು ಇಳಿಯೋರು ಯಾರಿದಾರೆ?"

ನನಗೆ ಉತ್ತರ ಹೊಳೆಯಬೇಕಿತ್ತು, ಯಾಕೆಂದರೆ ನಾನು ಬದುಕಿನ ಮುಕ್ಕಾಲು ಪಾಲು ಕಳೆದದ್ದು ವಿಮಾನ ನಿಲ್ದಾಣದಲ್ಲಿ. ನನ್ನ ಹೆಸರು ಇಂದುಮತಿ. ದೊಡ್ಡ ಶಹರವೊಂದರಲ್ಲಿ ಯಾವ ವಿಮಾನ ಬಂತು, ಯಾವುದು ಹೊರಟಿತು, ಯಾವುದು ತಡ ಎಂದು ಮೈಕಿನಲ್ಲಿ ಹೇಳುವುದು ನನ್ನ ಕೆಲಸವಾಗಿತ್ತು. ನನ್ನ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ದೀಪ ಹೊತ್ತಿದರೆ ಬಂತು, ಇನ್ನೊಂದು ಹೊತ್ತಿದರೆ ಹೋಯಿತು. ನಡುವಿನ ಬಿಡುವಿನಲ್ಲಿ ಕಾದಂಬರಿ ಓದುತ್ತಿದ್ದೆ. ಹೀಗಾಗಿ ಲೆಕ್ಕವಿಲ್ಲದಷ್ಟು ವಿಮಾನಗಳನ್ನು ಇಳಿಸಿಯೂ ಒಂದು ಇಳಿಯುವುದನ್ನೂ ಕಣ್ಣಾರೆ ಕಂಡವಳಲ್ಲ. ನಿವೃತ್ತಿಯಾದ ಮೇಲೆ ಯಾವ ವಿಮಾನವೂ ಹಾಯದ ಊರು ಬೇಕು ಎಂದು ಬಸ್ ನಿಲ್ದಾಣದಲ್ಲಿ ವಿಚಾರಿಸಿದಾಗ ಕಂಡಕ್ಟರೊಬ್ಬ ಈ ಊರಿನ ಟಿಕೆಟ್ ಹರಿದುಕೊಟ್ಟ. ಅವನು ಸುಳ್ಳನ್ನೇನೂ ಹೇಳಲಿಲ್ಲ. ಬಂದ ಮಾರನೆಯ ಬೆಳಿಗ್ಗೆ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ ಎದುರು ಮನೆಯ ಗೋಡೆಯ ಮೇಲಿಂದ ಒಂದು ರೆಕ್ಕೆ ಇಳಿದು, ಬೀದಿ ದಾಟಿ, ನನ್ನ ಮಡಿಲಿನ ಮೇಲೆ ತಣ್ಣಗೆ ಹಾದು ಹೋಯಿತು. ತಲೆಯೆತ್ತಿ ನೋಡಿದೆ. ಆಕಾಶ ಗುಡಿಸಿಟ್ಟ ಅಂಗಳದ ಹಾಗೆ ಖಾಲಿಯಾಗಿತ್ತು. ಹಾಲಿನವನು, "ಮೇಲೆ ಏನು ನೋಡ್ತೀರಾ ಅಮ್ಮ? ಅದು ಆಗಲೇ ಅಂಚೆ ಕಚೇರಿ ಹತ್ರ ಹೋಯ್ತು," ಎಂದ.

ಬೇಸಿಗೆಯ ದಿನಗಳಲ್ಲಿ ಬಿಸಿಲು ಏರಿ ಹಪ್ಪಳ ಅರೆಬರೆ ಒಣಗುವ ಹೊತ್ತಿಗೆ ವಿಮಾನದ ಆ ನೆರಳು ಬರುತ್ತಿತ್ತು, ಊರನ್ನು ಸುತ್ತುತ್ತಿತ್ತು, ಹೋಗುತ್ತಿತ್ತು. ಊರು ಅದಕ್ಕೆ ಒಗ್ಗಿಕೊಂಡ ರೀತಿಯನ್ನು ನಾನು ಮೊದಲ ವರ್ಷವಿಡೀ ನೋಡಿ ಕಲಿತೆ. ನೆರಳು ಹಾದ ಹಪ್ಪಳ ಎಣ್ಣೆಯಲ್ಲಿ ಅರಳುವುದಿಲ್ಲವಾದ್ದರಿಂದ ತಾರಸಿಯ ಹೆಂಗಸರು ಪಂಚೆಯ ತುದಿ ಹಿಡಿದು ಸರಕ್ಕನೆ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಕ್ಷೌರದ ಮುನಿವೆಂಕಟಪ್ಪ ಕತ್ತಿ ಎತ್ತಿ ಹಿಡಿದು ನಿಲ್ಲುತ್ತಿದ್ದ. ಅರ್ಧ ಗಡ್ಡದ ಗಿರಾಕಿ ಅರ್ಧ ರಾಜಕೀಯ ಮಾತಾಡಿ ಬಾಯಿ ಮುಚ್ಚುತ್ತಿದ್ದ. ನೆರಳಿನಡಿ ಆಡಿದ ಮಾತು ಊರ್ಜಿತವಲ್ಲ ಎಂಬ ಕಟ್ಟಳೆ ಇದ್ದುದರಿಂದ ಹೆಣ್ಣು ನೋಡಲು ಬಂದವರು ಆ ಹೊತ್ತಿಗೆ ಸರಿಯಾಗಿ ಉಪ್ಪಿಟ್ಟು ಬಾಯಿಗಿಟ್ಟುಕೊಂಡು ಸುಮ್ಮನಾಗುತ್ತಿದ್ದರು. ಸಾಲ ತೀರಿಸುತ್ತೇನೆ ಅನ್ನುವವರು ಮಾತ್ರ ಆ ಹೊತ್ತಿಗಾಗಿ ಕಾಯುತ್ತಿದ್ದರು. ಮತ್ತೆ, ಎಳೆಗೂಸುಗಳನ್ನು ಆಗ ಯಾರೂ ಹೊರಗೆ ಮಲಗಿಸುತ್ತಿರಲಿಲ್ಲ. ಇದು ಹೊಸ ಕಟ್ಟಳೆ. ಇದು ಬಂದದ್ದು ತಾರಿಣಿಯಿಂದ.

ಶಿಬಿರದ ಯೋಚನೆ ನನ್ನದಲ್ಲ, ಪುರಸಭೆಯ ಅಧ್ಯಕ್ಷ ಚೆನ್ನವೀರಪ್ಪನವರದು. ಪಕ್ಕದ ಊರಿನಲ್ಲಿ ಮಕ್ಕಳಿಗೆ ಈಜು ಶಿಬಿರ, ಅದರಾಚೆಯ ಊರಿನಲ್ಲಿ ನಾಟಕ ಶಿಬಿರ ಶುರುವಾಗಿ, ನಮ್ಮ ಊರಿಗೆ ಮಾನ ಉಳಿಯದ ಪರಿಸ್ಥಿತಿ ಬಂದಿತ್ತು. "ನೀವು ಏರ್‌ಪೋರ್ಟಲ್ಲಿದ್ದೋರು ಮೇಡಂ. ಒಂದು ವಿಮಾನ ಶಿಬಿರ ಮಾಡಿಬಿಡಿ," ಎಂದರು.

"ನಾನು ಬರೀ ಕೂಗ್ತಿದ್ದೆ, ಅಧ್ಯಕ್ಷರೇ."

"ನಾವೂ ಅಷ್ಟೇ ಅಲ್ವಾ ಮೇಡಂ? ಬರೀ ಕೂಗೋದೇ. ಊರು ನಡೀತಿಲ್ವಾ?"

ವಾದ ಬಲವಾಗಿತ್ತು. ಒಪ್ಪಿಕೊಂಡೆ.

ತಾರಿಣಿಯನ್ನು ಕರೆತಂದವಳು ಅವಳ ತಾಯಿ ಭಾಗೀರಥಿ. ಹಪ್ಪಳ ಲಟ್ಟಿಸಿ ಮಾರುವ ಹೆಂಗಸು. ಮಾತಿನ ನಡುವೆಯೂ ಅಂಗೈ ತಾನಾಗಿ ಲಟ್ಟಣಿಗೆ ಉರುಳಿಸಿದಂತೆ ಹಿಂದೆ ಮುಂದೆ ಆಡುತ್ತಿತ್ತು. "ಏನಾದ್ರೂ ಕಲಿಸಿ ಅಕ್ಕಾ. ಬಿಸಿಲಲ್ಲಿ ಮಾತ್ರ ನಿಲ್ಲಿಸ್ಬೇಡಿ," ಎಂದಳು. ಬಿಸಿಲಿಗೆ ತಲೆನೋವು ಬರುವ ಹುಡುಗಿ ಇರಬೇಕೆಂದು ನಾನು ತಲೆಯಾಡಿಸಿದೆ. ಆಮೇಲೆ ಆ ಮಗು ಹೊಂಗೆ ಮರದ ಕಡೆ ನಡೆದು ಹೋದಾಗ ನೋಡಿದೆ. ಅಂಗಳದ ಬಿಸಿಲು ಅವಳ ಪಾದದಡಿಯವರೆಗೂ ಒಂದೇ ಸಮ ಹರಡಿತ್ತು. ಅವಳ ಹಿಂದೆ ಒಂದು ಕೋಳಿ ಹೋಯಿತು. ಕೋಳಿಗೆ ಕೋಳಿಯಷ್ಟು ನೆರಳಿತ್ತು. ತಾರಿಣಿಗೆ ಇರಲಿಲ್ಲ.

"ಎಣ್ಣೆ ನೀರು ಹಾಕಿ, ಅಂಗಳದಲ್ಲಿ ಪಂಚೆ ಹಾಸಿ ಮಲಗಿಸಿದ್ದೆ ಅಕ್ಕಾ," ಎಂದಳು ಭಾಗೀರಥಿ, ನಾನು ಕೇಳುವ ಮೊದಲೇ. ಎಲ್ಲರೂ ಕೇಳುತ್ತಿದ್ದರೆಂದು ಕಾಣುತ್ತದೆ. "ಆಗಷ್ಟೇ ಅಂಬೆಗಾಲು ಕಲೀತಿತ್ತು. ಅದು ಬಂತು, ಮೇಲೆ ಹಾಯ್ತು, ಹೋಯ್ತು. ಮಗು ನಗ್ತಾನೇ ಇತ್ತು. ಎತ್ಕೊಂಡೆ. ಕೆಳಗೆ ನೋಡ್ತೀನಿ, ಬರೀ ನಾನು. ನನ್ನ ನೆರಳು ಯಾರನ್ನೋ ಎತ್ಕೊಂಡ ಹಾಗೆ ಕೈ ಮಡಿಸ್ಕೊಂಡು ನಿಂತಿದೆ, ಕೈಯೊಳಗೆ ಯಾರೂ ಇಲ್ಲ. ಬೀದಿ ಕೊನೇವರೆಗೂ ಓಡಿದೆ. ವಿಮಾನದ ಹಿಂದೆ ಯಾರಾದ್ರೂ ಓಡ್ತಾರಾ?"

ಊರಿನ ಮಕ್ಕಳು ಕೆಟ್ಟವರಲ್ಲ. ಆದರೆ ಅವರು ಆಡುವ ಆಟಗಳಲ್ಲೆಲ್ಲ ದೊಡ್ಡದು ನೆರಳು ತುಳಿಯುವ ಆಟ. ಯಾರ ನೆರಳನ್ನು ತುಳಿದರೋ ಅವರು ಔಟ್. ತಾರಿಣಿಯನ್ನು ತುಳಿಯುವುದಕ್ಕೇ ಆಗದು, ಆದ್ದರಿಂದ ಅವಳು ಯಾವತ್ತೂ ಔಟಾಗಲಾರಳು, ಆದ್ದರಿಂದ ಸೇರಿಸಿಕೊಳ್ಳುವುದಿಲ್ಲ. ಇಷ್ಟು ನ್ಯಾಯವಾದ ಕಾರಣಕ್ಕೆ ಎದುರಾಡಲು ಅವಳಿಗೂ ಮಾತಿರಲಿಲ್ಲ. ಮರದ ಕೆಳಗೆ, ಎಲ್ಲರ ನೆರಳೂ ಕರಗಿ ಹೋಗುವ ಜಾಗದಲ್ಲಿ ಕೂತು ನೋಡುತ್ತಿದ್ದಳು. ಒಮ್ಮೆ ನನ್ನ ಹತ್ತಿರ ಹೇಳಿದಳು: "ಬಿಸಿಲಲ್ಲಿ ನಿಂತ್ರೆ ನಾನಿನ್ನೂ ಬಂದೇ ಇಲ್ಲ ಅನ್ಸುತ್ತೆ ಟೀಚರ್."

ಶಿಬಿರದಲ್ಲಿ ನಾನು ಕಲಿಸಿದ್ದು ಕಡಿಮೆ. ಕಾಗದದ ವಿಮಾನ ಮಡಿಸಿದೆವು, ಗಾಳಿಯ ದಿಕ್ಕು ನೋಡುವ ಬಟ್ಟೆಚೀಲ ಹೊಲಿದೆವು, ಸೀಟಿನ ಪಟ್ಟಿ ಕಟ್ಟಿಕೊಳ್ಳಿ ಎಂದು ಗಂಭೀರವಾಗಿ ಹೇಳುವುದನ್ನು ಅಭ್ಯಾಸ ಮಾಡಿದೆವು. ಆದರೆ ನೆರಳು ಬಂದಾಗ ಪಾಠ ನಿಲ್ಲುತ್ತಿತ್ತು; ಎಲ್ಲರೂ ಅಂಗಳಕ್ಕೆ ಓಡುತ್ತಿದ್ದೆವು. ಒಂದು ದಿನ ಶರಭ ಮೂತಿ ಸೊಟ್ಟ ಮಾಡಿಕೊಂಡು ಬಂದ. "ಟೀಚರ್, ಹೋದ ವರ್ಷ ಇದರ ಅಂಚು ಮಸಿ ಒರೆಸಿದ ಹಾಗಿತ್ತು. ಈಗ ಕತ್ತರೀಲಿ ಕತ್ತರಿಸಿದ ಹಾಗಿದೆ. ಕಿಟಕಿ ಕೂಡ ಕಾಣ್ತಿದೆ."

ನಾನು ಅಂಗೈಯನ್ನು ಬಿಸಿಲಿಗೆ ಹಿಡಿದೆ. ಎತ್ತರಕ್ಕೆ ಹಿಡಿದರೆ ನೆಲದ ಮೇಲೆ ಬೆರಳುಗಳು ಮಬ್ಬು. ಕೈ ಇಳಿಸಿದಂತೆ ಬೆರಳುಗಳು ಬಿಡಿಬಿಡಿಯಾಗಿ, ಉಗುರಿನ ಸಮೇತ ಎದ್ದು ಬಂದವು. ಮಕ್ಕಳು ನನ್ನ ಕೈ ನೋಡಿದರು, ಆಮೇಲೆ ಖಾಲಿ ಆಕಾಶ ನೋಡಿದರು. ಮೊದಲು ಮಾತಾಡಿದವಳು ಮರದ ಕೆಳಗಿದ್ದ ತಾರಿಣಿ.

"ಹಾಗಾದ್ರೆ ಅದು ಕೆಳಗೆ ಬರ್ತಿದೆ."

"ಇಳಿಯೋಕೆ ಜಾಗ ಸಿಗದೇ ಇದ್ರೆ ವಿಮಾನಗಳು ಹೀಗೇ ಸುತ್ತುತ್ತವೆ," ಎಂದೆ. ಇದೊಂದು ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಅಂಥವುಗಳ ಪರವಾಗಿ ನಾನೆಷ್ಟು ಸಲ ಕ್ಷಮೆ ಕೇಳಿದ್ದೆನೋ.

"ಎಷ್ಟು ದಿನ ಸುತ್ತುತ್ತೆ?"

"ಎಣ್ಣೆ ಇರೋವರೆಗೂ."

"ಆಮೇಲೆ?"

ಅಷ್ಟರಲ್ಲಿ ಶರಭ, "ಮಳೆಗಾಲ ಬಂದ್ರೆ ಬಿಸಿಲೇ ಇರಲ್ಲ, ಆಗ ಅದೂ ಇರಲ್ಲ," ಎಂದ. ತಾರಿಣಿ ಎದ್ದು ನಿಂತಳು. ಹೊಂಗೆಯ ನೆರಳಿನಿಂದ ಹೊರಗೆ, ಬಿಸಿಲಿಗೆ, ತಾನಾಗಿ ಬಂದು ನಿಂತಳು. "ಟೀಚರ್, ನಾವೇ ಜಾಗ ಮಾಡ್ಕೊಡೋಣ. ನನ್ನದು ಅದರೊಳಗಿದೆ."

ಪುರಸಭೆಯ ಸಭೆಯಲ್ಲಿ ಈ ಪ್ರಸ್ತಾಪ ಬಂದಾಗ ಗದ್ದಲವಾಯಿತು. "ನೆರಳು ತಾನೇ? ಬಿದ್ರೆ ಬೀಳ್ಲಿ. ಯಾರ ತಲೆ ಒಡೆಯುತ್ತೆ?" ಎಂದರು ಒಬ್ಬ ಸದಸ್ಯರು. "ಯಾರ ತಲೇನೂ ಒಡೆಯಲ್ಲ ಅನ್ನೋ ಹಾಗಿದ್ರೆ ನಿಮ್ಮ ಮನೆಯವರು ಯಾಕೆ ದಿನಾ ಹಪ್ಪಳ ಎಳ್ಕೊಂಡು ಓಡ್ತಾರೆ ಸ್ವಾಮಿ?" ಎಂದ ಮುನಿವೆಂಕಟಪ್ಪ, ಬಾಗಿಲಲ್ಲಿ ನಿಂತು. ಸದಸ್ಯರ ಅರ್ಧ ಗಡ್ಡ ಅವತ್ತು ಅವನ ಕೈಯಲ್ಲಿತ್ತಾದ್ದರಿಂದ ಮಾತು ಬೆಳೆಯಲಿಲ್ಲ. ಕೊನೆಗೆ ಚೆನ್ನವೀರಪ್ಪನವರು, "ನಮ್ಮ ರಾಜನದ್ದೂ ಅದರಲ್ಲೇ ಹೋಯ್ತು," ಎಂದರು. ರಾಜ ಅವರು ಸಾಕಿದ್ದ ನಾಯಿ. ಸತ್ತು ಎಷ್ಟೋ ಕಾಲವಾಗಿತ್ತು. ಸಾಯುವ ಮೊದಲಿನ ಬೇಸಿಗೆಯೊಂದರಲ್ಲಿ ಅದರ ನೆರಳು ಹೋಗಿತ್ತಂತೆ; ಅವರು ಯಾರಿಗೂ ಹೇಳಿರಲಿಲ್ಲ. ಕೆರೆಯಂಗಳ ಬೇಸಿಗೆಯಲ್ಲಿ ಹೇಗೂ ಒಣಗಿ ಪಾಳು ಬಿದ್ದಿರುತ್ತದೆ, ಅಲ್ಲೇ ಆಗಲಿ ಎಂದು ತೀರ್ಮಾನವಾಯಿತು.

ಇನ್ನು ಮುಂದಿನದನ್ನು ನೆನೆದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೆಲಸವನ್ನು ಸರಿಯಾಗಿ ಮಾಡಬೇಕೆಂದು ಇಡೀ ಊರು ಪಣ ತೊಟ್ಟಿತು. ಸರಿಯಾಗಿ ಎಂದರೆ ಪಟದಲ್ಲಿರುವ ಹಾಗೆ. ನನ್ನ ಪಟದಲ್ಲಿ ರನ್‌ವೇ ಕಪ್ಪಗಿತ್ತು. ರಸ್ತೆ ಕೆಲಸದಲ್ಲಿ ಉಳಿದ ಟಾರು ಪುರಸಭೆಯ ಹಿತ್ತಲಲ್ಲಿ ಡ್ರಮ್ಮುಗಟ್ಟಲೆ ಇತ್ತು. ಗಂಡಸರು ಕಾಯಿಸಿ ಸುರಿದರು, ಹೆಂಗಸರು ಬಾಗಿದ ಬೆನ್ನಿನಲ್ಲೇ ಕಲ್ಲು ಆರಿಸಿದರು, ಮಕ್ಕಳು ಬದಿಯಲ್ಲಿ ಬಾವುಟ ನೆಟ್ಟರು. ಈ ಊರಿನ ಯಾವ ರಸ್ತೆಯೂ ಅಷ್ಟು ನುಣುಪಾಗಿ ಎಂದೂ ಆಗಿರಲಿಲ್ಲ. ನೋಡಿದವರೆಲ್ಲ ತಮ್ಮ ತಮ್ಮ ಬೀದಿಯನ್ನು ನೆನೆದುಕೊಂಡರು. ನಾನು ಶಾಲೆಯ ಮೈಕು ಹಿಡಿದು ಬದುವಿನ ಮೇಲೆ ನಿಂತೆ.

ನೆರಳು ಬಂತು. ಅಂಚೆ ಕಚೇರಿ ದಾಟಿ, ಎಂದಿನ ದಾರಿಯಲ್ಲಿ ಬಲಕ್ಕೆ ಹೊರಳುವುದರಲ್ಲಿತ್ತು. ನಾನು ಹಳೆಯ ದನಿಯಲ್ಲಿ, ಸ್ವಲ್ಪವೂ ಅವಸರವಿಲ್ಲದ ಆ ದನಿಯಲ್ಲಿ, "ದಯವಿಟ್ಟು ಗಮನಿಸಿ," ಎಂದೆ. ನೆರಳು ತಡೆದು ನಿಂತಿತು. ಅಂಥದ್ದನ್ನು ಈ ಊರಿನ ಹಿರಿಯರೂ ಕಂಡಿರಲಿಲ್ಲ. ಎಷ್ಟೋ ವರ್ಷಗಳಿಂದ ಯಾರ ಕಡೆಗೂ ತಿರುಗದಿದ್ದ ಅದು ಮೂಗನ್ನು ನಿಧಾನವಾಗಿ ಎಡಕ್ಕೆ, ಕೆರೆಯ ಕಡೆಗೆ ತಿರುಗಿಸಿತು. ನಾನು ಮಾತಾಡುತ್ತಲೇ ಹೋದೆ, ಅದು ಬರುತ್ತಲೇ ಇತ್ತು. ಬದು ಇಳಿಯಿತು, ಒಣ ಕೆಸರಿನ ಬಿರುಕುಗಳ ಮೇಲೆ ಹರಿಯಿತು, ಟಾರಿನ ಅಂಚು ಮುಟ್ಟಿತು.

ಮತ್ತೆ ಕಾಣಲಿಲ್ಲ.

ಕಪ್ಪಿನೊಳಗೆ ಕಪ್ಪು ಮುಳುಗಿದಂತೆ ಮೂಗು ಹೋಯಿತು, ರೆಕ್ಕೆ ಹೋಯಿತು, ಬಾಲ ಹೋಯಿತು. ಇಡೀ ಊರು ಹೊಳೆಯುವ ಟಾರನ್ನು ನೋಡುತ್ತ ನಿಂತಿತ್ತು. ಇಳಿಯಿತೋ, ಒಡೆಯಿತೋ, ನಮ್ಮ ಕಾಲ ಬುಡದಲ್ಲೇ ನಿಂತು ಬಾಗಿಲು ತೆರೆದು ಕಾಯುತ್ತಿದೆಯೋ, ಹೇಳುವವರಿಲ್ಲ. ಭಾಗೀರಥಿ ಟಾರಿನ ಮೇಲೆ ಮೊಣಕಾಲೂರಿ, ಕುರುಡರು ತಡಕುವ ಹಾಗೆ ಎರಡೂ ಅಂಗೈಯಿಂದ ತಡಕಿದಳು. "ತಾರೀ, ತಾರೀ," ಎಂದು ಕೂಗಿದಳು. ಪಕ್ಕದಲ್ಲೇ ನಿಂತಿದ್ದ ತಾರಿಣಿ, "ಅಮ್ಮಾ, ನಾನು ಇಲ್ಲಿದೀನಿ," ಎಂದಳು. ಭಾಗೀರಥಿ ತಿರುಗಿ ನೋಡಲಿಲ್ಲ.

ತುಸು ಹೊತ್ತಿನ ಮೇಲೆ ಟಾರಿನ ಆಚೆ ತುದಿಯಿಂದ ನೆರಳು ಹೊರಬಂತು. ಅಂಚುಗಳು ನಡುಗುತ್ತಿದ್ದವು. ಕೆರೆ ಏರಿ ಹತ್ತಿ, ಹೊಲದ ಮೇಲೆ ಮಬ್ಬಾಗಿ ಹೋಗಿಬಿಟ್ಟಿತು. ಅದು ನನ್ನ ದನಿಯೊಂದನ್ನೇ ನಂಬಿ ಬಂದಿತ್ತು. ಮೈಕು ಕೈಯಲ್ಲಿ ಕಲ್ಲಿನ ಹಾಗಾಯಿತು.

ಕಪ್ಪಿನ ಮೇಲೆ ನೆರಳು ಕಾಣುವುದಿಲ್ಲ ಎಂಬುದನ್ನು ಮೊದಲೇ ಹೇಳಿದ್ದವರ ಸಂಖ್ಯೆ ಮಾರನೆಯ ದಿನ ಊರಿನ ಜನಸಂಖ್ಯೆಗಿಂತ ಹೆಚ್ಚಾಗಿತ್ತು. ಆದರೆ ಮಾರನೆಯ ದಿನ ಮೋಡ. ಅದರ ಮಾರನೆಯ ದಿನವೂ ಮೋಡ. ಪಡುವಣದಲ್ಲಿ ಗುಡುಗು ಹೊಟ್ಟೆ ಕೆಟ್ಟವರ ಹಾಗೆ ಗೊಣಗುತ್ತಿತ್ತು. ತಾರಿಣಿ ಶಿಬಿರಕ್ಕೆ ಬಂದು ಮರದ ಕೆಳಗೆ ಕೂರಲಿಲ್ಲ. ಮೋಡದ ಬೆಳಕಿನಲ್ಲಿ ಯಾರಿಗೂ ನೆರಳಿರಲಿಲ್ಲವಾದ್ದರಿಂದ ಅಂಗಳದ ನಡುವೆಯೇ ನಿಂತಿದ್ದಳು. ಮಕ್ಕಳು ಅವಳನ್ನು ಮುಟ್ಟಾಟಕ್ಕೆ ಕರೆದರು. ಅವಳು ಹೋಗಲಿಲ್ಲ. "ನಾಳೆ ಬಿಸಿಲು ಬಂದ್ರೆ ಮತ್ತೆ ಸೇರಿಸ್ಕೊಳ್ಳಲ್ಲ ತಾನೇ?" ಎಂದಳು. ಮಕ್ಕಳು ನೆಲ ನೋಡಿದರು.

ಬಟ್ಟೆಯ ಯೋಚನೆ ಯಾರಿಗೆ ಮೊದಲು ಬಂತೆಂದು ಹೇಳಲಾರೆ. ಈ ಊರಿನಲ್ಲಿ ಯಾವುದನ್ನಾದರೂ ಬಿಸಿಲಿಗೆ ಹಾಕಬೇಕೆಂದರೆ ಬಿಳಿ ಪಂಚೆ ಹಾಸುವುದು ಉಸಿರಾಡಿದಷ್ಟು ಸಹಜ. ಒಂದು ಮಧ್ಯಾಹ್ನ ನೋಡುತ್ತೇನೆ, ಮುನಿವೆಂಕಟಪ್ಪ ತನ್ನ ಅಂಗಡಿಯ ಬಿಳಿ ಹೊದಿಕೆಯನ್ನು ಟಾರಿನ ಮೇಲೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಡುತ್ತಿದ್ದ. ಸಂಜೆಯೊಳಗೆ ಸಾಲು ಹಿಡಿಯಿತು. ಮದುವೆಯ ಜರಿ ಅಂಚಿನ ಪಂಚೆಗಳು ಪೆಟ್ಟಿಗೆಯಿಂದ ನುಸಿಗುಳಿಗೆಯ ವಾಸನೆ ಸಮೇತ ಹೊರಬಂದವು. ಆಸ್ಪತ್ರೆಯ ಹಾಸಿಗೆ ಬಟ್ಟೆ ಬಂತು. ರೋಗಿಗಳು ಎರಡು ದಿನ ಬರಿಯ ಚಾಪೆಯ ಮೇಲೆ ಸಂತೋಷವಾಗಿ ನರಳಿದರು. ಯಾರದೋ ಮುತ್ತಜ್ಜಿಯ ಬಿಳಿ ಸೀರೆ ಬಂತು. ಅಧ್ಯಕ್ಷರು ಉಟ್ಟಿದ್ದನ್ನು ಬಿಟ್ಟು ಉಳಿದೆಲ್ಲ ಕಳಿಸಿದರು. ಪಂಚೆಗಳ ಮೂಲೆಯಲ್ಲಿ ಗುರುತು ಹಾಕಿ ಎಂದು ಒಬ್ಬರು ಹೇಳಿದ್ದಕ್ಕೆ, "ಕಪ್ಪು ದಾರದಲ್ಲಿ ಹಾಕ್ಬೇಡಿ ಮಾತ್ರ," ಎಂದು ಇನ್ನೊಬ್ಬರು ಕೂಗಿದರು. ಊರು ಅಷ್ಟು ಬುದ್ಧಿ ಕಲಿತಿತ್ತು.

ಭಾಗೀರಥಿ ಎಲ್ಲರಿಗಿಂತ ಕೊನೆಗೆ ಬಂದಳು. ಅವಳ ಪಂಚೆ ಸವೆದು ಜಾಳಾಗಿ, ಎಣ್ಣೆಯ ಹಳದಿ ಕಲೆ ಹಿಡಿದಿತ್ತು. ಅದನ್ನು ರನ್‌ವೇಯ ನಡುವೆ ಹಾಸಿದಳು. ಎದ್ದು ನೋಡಿದಳು. ತೆಗೆದು ತುದಿಗೆ ಹಾಸಿದಳು. ಮತ್ತೆ ತೆಗೆದಳು. "ಎಲ್ಲಿಗೆ ಬರುತ್ತೋ ಗೊತ್ತಾಗ್ತಿಲ್ಲ ಅಕ್ಕಾ," ಎಂದಳು. ಅದು ಯಾವ ಪಂಚೆಯೆಂದು ನಾನು ಕೇಳಲಿಲ್ಲ.

ಮೋಡ ಹರಿದದ್ದು ಒಂದೇ ಒಂದು ಬೆಳಿಗ್ಗೆ, ಅದೂ ಪೂರ್ತಿಯಲ್ಲ. ಪಡುವಣದ ಕರಿಗೋಡೆ ಹಾಗೇ ನಿಂತು, ಮೇಲೆ ಮಾತ್ರ ಆಕಾಶ ಬಿಟ್ಟುಕೊಟ್ಟಿತ್ತು. ತಮ್ಮ ನೆರಳು ಬಟ್ಟೆಯ ಮೇಲೆ ಬೀಳದ ಹಾಗೆ ಊರೆಲ್ಲ ದೂರಕ್ಕೆ ಸರಿದು, ಒಬ್ಬರ ಕೊರಳಿಗೊಬ್ಬರು ಉಸಿರು ಬಿಡುತ್ತ ನಿಂತಿತು. ಮೈಕಿನ ಮುಂದೆ ನನಗೆ ಹೊಸ ಕಷ್ಟ ಬಂತು. ಹೋದ ಸಲ ಸುಮ್ಮನೆ ಅಭ್ಯಾಸಬಲದಿಂದ ಏನೇನೋ ಅಂದಿದ್ದೆ. ಈ ಸಲ ನಿಜವನ್ನೇ ಹೇಳಬೇಕು ಅನಿಸಿತು. ಎಲ್ಲಿಂದ ಬರುತ್ತಿರುವ ವಿಮಾನವೆಂದು ಕೂಗಲಿ? "ಎಲ್ಲಿಂದ ಅನ್ನಲಿ, ಮಕ್ಕಳೇ?" ಎಂದು ಮೈಕಿಗೆ ಕೈ ಅಡ್ಡ ಹಿಡಿದು ಕೇಳಿದೆ. ತಾರಿಣಿ ಹೇಳಿದಳು, "ನಾನು ಚಿಕ್ಕೋಳಿದ್ದಾಗಿಂದ ಅನ್ನಿ."

ನೆರಳು ಬಂತು. ಈ ಸಲ ಅದು ದೂರದಲ್ಲೇ, ಹೆದರಿದ ಹಸುವಿನ ಹಾಗೆ, ಊರಿನ ಅಂಚು ಹಿಡಿದು ಸುತ್ತುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವಳಿಗೆ ಅದೇ ಸರಿಯಾದ ಭಂಗಿ. "ದಯವಿಟ್ಟು ಗಮನಿಸಿ. ತಾರಿಣಿ ಚಿಕ್ಕವಳಿದ್ದಾಗಿನಿಂದ ಬರುತ್ತಿರುವ ವಿಮಾನ ಇದೀಗ ಆಗಮಿಸುತ್ತಿದೆ. ಹೋದ ಸಲ ತೊಂದರೆಯಾದದ್ದಕ್ಕೆ ವಿಷಾದಿಸುತ್ತೇವೆ. ಕರೆದೊಯ್ಯಲು ಬಂದವರು ಹೊರಗೆ ಕಾಯುತ್ತಿದ್ದಾರೆ." ನನ್ನ ದನಿಯಲ್ಲಿ ವಿಷಾದ ಎಂಬ ಪದಕ್ಕೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ಅರ್ಥವಿತ್ತು. ಜನರ ಉಸಿರು ಒಟ್ಟಿಗೆ ಒಳಗೆ ಹೋದ ಸದ್ದು ಕೇಳಿ ಕಣ್ಣು ಬಿಟ್ಟೆ.

ಅದು ಬದುವಿನಿಂದ ಇಳಿಯುತ್ತಿತ್ತು. ಬಿಳಿಯ ಮೇಲೆ ಬಂದೊಡನೆ ಅದು ಎಷ್ಟು ದೊಡ್ಡದೆಂದು ಮೊದಲ ಬಾರಿಗೆ ತಿಳಿಯಿತು. ಗೋಡೆ, ಮರ, ಚರಂಡಿ, ದನದ ಬೆನ್ನು ಎಂದು ಚೂರುಚೂರಾಗಿ ಕಂಡದ್ದನ್ನೇ ಊರು ಇಷ್ಟು ವರ್ಷ ವಿಮಾನ ಅಂದುಕೊಂಡಿತ್ತು. ಈಗ ಅದು ಇಡಿಯಾಗಿ, ಒಂದು ಸುಕ್ಕೂ ಇಲ್ಲದೆ, ಮದುವೆಯ ಪಂಚೆಗಳ ಮೇಲೆ, ರೋಗಿಗಳ ಹಾಸಿಗೆಯ ಮೇಲೆ, ಮುತ್ತಜ್ಜಿಯ ಸೀರೆಯ ಮೇಲೆ ಹರಡಿಕೊಳ್ಳುತ್ತ ಬಂತು. ಸದ್ದಿಲ್ಲ. ಒಂದು ತಂಪು ಮಾತ್ರ, ಹೊಸ ಮಡಕೆಯ ನೀರಿನ ತಂಪು, ನಮ್ಮ ಮುಖಗಳಿಗೆ ಬಂದು ತಾಗಿತು. ವೇಗ ಇಳಿಯಿತು. ಚಕ್ರಗಳು ತಿರುಗುವುದು ಕಂಡಿತು. ಒಂದೊಂದು ಪಂಚೆ ದಾಟುವಾಗಲೂ ಅದರ ಅಂಚು ಅಷ್ಟಷ್ಟೇ ಮೇಲೆದ್ದು ಕೂತಿತು. ಆಮೇಲೆ ವಿಮಾನ ನಿಂತಿತು. ಇಷ್ಟು ವರ್ಷ ನಾನು ಬಾಯಲ್ಲಿ ಹೇಳುತ್ತಿದ್ದ "ಇಳಿದಿದೆ" ಎಂಬ ಮಾತು ಹೀಗಿರುತ್ತದೆಂದು ಗೊತ್ತಿದ್ದರೆ ಅದನ್ನು ಅಷ್ಟು ಹಗುರವಾಗಿ ಹೇಳುತ್ತಿರಲಿಲ್ಲ. ಚೆನ್ನವೀರಪ್ಪನವರು ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದರು. ಅವರನ್ನು ನೋಡಿ ಊರೆಲ್ಲ ಚಪ್ಪಲಿ ಬಿಟ್ಟಿತು.

ನೆರಳಿನ ಪಕ್ಕದಲ್ಲಿ ಒಂದು ಚೌಕ ಬೆಳಕು ತೆರೆಯಿತು. ಅದರಿಂದ ಮೆಟ್ಟಿಲು ಇಳಿಯಿತು. ಮೊದಲು ಬಂದದ್ದು ಒಂದು ಕೊಡೆಯ ನೆರಳು, ತಾನೇ ನಡೆದುಕೊಂಡು. "ಅಯ್ಯೋ, ನಮ್ಮ ತಾತನದ್ದು!" ಎಂದು ಯಾರೋ ಕೂಗಿದರು. ಒಂದು ಬಾಲವಿಲ್ಲದ ಗಾಳಿಪಟ ಬಂತು. ಒಂದು ನಾಯಿ ಬಂತು, ಮೂಗು ನೆಲಕ್ಕಿಟ್ಟು, ಅಲ್ಲಿ ಇಲ್ಲಿ ಮೂಸುತ್ತ ನೇರವಾಗಿ ಅಧ್ಯಕ್ಷರ ಬರಿಗಾಲಿನ ಬಳಿ ಹೋಗಿ ಸುತ್ತಿ ಸುತ್ತಿ ಮಲಗಿತು. ಅವರು ತಲೆ ತಗ್ಗಿಸಿದವರು ಮತ್ತೆ ಎತ್ತಲಿಲ್ಲ.

ಆಮೇಲೆ ಯಾರೂ ಬರಲಿಲ್ಲ. ತಾರಿಣಿ ಬಟ್ಟೆಯ ಅಂಚಿನಲ್ಲಿ, ಎರಡು ಜಡೆ ಬಿಗಿಯಾಗಿ ಹೆಣೆದುಕೊಂಡು, ತನ್ನಷ್ಟೇ ಎತ್ತರದ, ಎರಡು ಜಡೆಯ ಒಬ್ಬಳಿಗಾಗಿ ಮೆಟ್ಟಿಲನ್ನೇ ನೋಡುತ್ತಿದ್ದಳು. ಪಡುವಣದ ಕರಿಗೋಡೆ ಸೂರ್ಯನ ಕಡೆ ಸರಿಯುತ್ತಿತ್ತು.

ಆಗ ಮೆಟ್ಟಿಲ ತುದಿಯಲ್ಲಿ ಒಂದು ಪುಟ್ಟ ಬೋಳುತಲೆ ಕಂಡಿತು. ಅದು ಹಿಂದುಮುಂದಾಗಿ, ಕಾಲು ಮೊದಲು ಮಾಡಿ, ಒಂದೊಂದೇ ಮೆಟ್ಟಿಲು ಇಳಿಯಿತು. ಕೆಳಗೆ ಬಂದು ಕೂತಿತು. ಆಮೇಲೆ ಕೈಯೂರಿ, ಅಂಬೆಗಾಲಿಟ್ಟು ಬಿಳಿಯ ಮೇಲೆ ಹೊರಟಿತು.

"ಪಾಪು!" ಎಂದ ಶರಭ. ಯಾರೋ ಅವನ ಬಾಯಿ ಮುಚ್ಚಿದರು.

ಅದು ತಾರಿಣಿಯ ಮುಂದೆ ಹಾದು ಹೋಯಿತು. ಅವಳು ಬಗ್ಗಿ ಕೈ ಚಾಚಿದಳು. ಅದು ಒಂದು ಗಳಿಗೆ ನಿಂತು, ಗುರುತಿಲ್ಲದವರ ಮನೆಗೆ ಬಂದ ಮಗುವಿನ ಹಾಗೆ ಸ್ವಲ್ಪ ಹಿಂದೆ ಸರಿದು, ಬಳಸಿಕೊಂಡು ಮುಂದೆ ಹೋಯಿತು. ಸೀದಾ ಹೋದದ್ದು ಭಾಗೀರಥಿಯ ಹತ್ತಿರ. ಅವಳು ಆ ಹಳದಿ ಕಲೆಯ ಪಂಚೆಯನ್ನು ಎಲ್ಲೂ ಹಾಸದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಪುಟ್ಟ ನೆರಳು ಅವಳ ನೆರಳಿನ ಮಡಿಸಿದ ಕೈಯೊಳಗೆ, ಇಷ್ಟು ವರ್ಷ ಖಾಲಿಯಿದ್ದ ಆ ಜಾಗಕ್ಕೆ ಹತ್ತಿ, ಒರಗಿಕೊಂಡಿತು. ಭಾಗೀರಥಿಯ ಗಂಟಲಿನಿಂದ ಬಂದ ಸದ್ದನ್ನು ಬರೆಯುವ ಅಕ್ಷರ ನನಗೆ ಗೊತ್ತಿಲ್ಲ.

ತಾರಿಣಿ ನಿಂತಲ್ಲೇ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. "ಅದಕ್ಕೆ ನಾನು ಗೊತ್ತೇ ಇಲ್ಲ," ಎಂದಳು, ಮೆತ್ತಗೆ.

ಭಾಗೀರಥಿ ಆಗ ಅವಳ ಕಡೆ ತಿರುಗಿದಳು. ಹೋದ ಸಲ ಟಾರಿನ ಮೇಲೆ ತಿರುಗದಿದ್ದವಳು. "ನಿಂಗೂ ಆಗ ಯಾರೂ ಗೊತ್ತಿರ್ಲಿಲ್ಲ ಕಣೇ. ನನ್ನ ಅಕ್ಕ ಬಂದಾಗ ಮೂರು ದಿನ ನೀನು ಅವಳ ಹತ್ರ ಹೋಗದೆ ಊರು ಕೇಳೋ ಹಾಗೆ ಅತ್ತಿದ್ದೆ. ಬಾ ಇಲ್ಲಿ, ಮಲ್ಕೋ." ಪಂಚೆ ಬಿಡಿಸಿ ಹಾಸಿದಳು. ತಾರಿಣಿ ಅದರ ಮೇಲೆ ಮೈಮುದುಡಿ ಮಲಗಿದಳು. ಕಾಲು ಆಚೆ ಬಂತು, ತಲೆ ಆಚೆ ಹೋಯಿತು. ಭಾಗೀರಥಿ ಮಗಳ ನೆತ್ತಿ ಸವರಿದಳು, ಎಣ್ಣೆ ಹಚ್ಚುವ ಹಾಗೆ, ಹಿಂದೆ ಮುಂದೆ, ಹಿಂದೆ ಮುಂದೆ. ಪುಟ್ಟ ನೆರಳು ತಲೆಯೆತ್ತಿ ನೋಡಿತು. ತುಂಬ ಹೊತ್ತು ನೋಡಿತು. ಆಮೇಲೆ ಭಾಗೀರಥಿಯ ನೆರಳಿನ ಕೈಯೊಳಗಿಂದ ಇಳಿದು, ತನಗೆ ಚೆನ್ನಾಗಿ ಗೊತ್ತಿದ್ದ ಆ ಪಂಚೆಯ ಮೇಲೆ ತೆವಳಿ, ತಾರಿಣಿಯ ಹಿಮ್ಮಡಿಯ ಬಳಿ ಹೋಗಿ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು.

ಅಷ್ಟರಲ್ಲಿ ಮೋಡ ಸೂರ್ಯನನ್ನು ತಲುಪಿತು. ಮೊದಲ ಹನಿಗಳು ಬಿದ್ದೊಡನೆ ತಮ್ಮ ತಮ್ಮ ಪಂಚೆಗೆ ಊರೆಲ್ಲ ಒಟ್ಟಿಗೆ ನುಗ್ಗಿತು; ಯಾರ ಮದುವೆಯ ಪಂಚೆ ಯಾರ ಮನೆಗೆ ಹೋಯಿತೆಂಬ ಜಗಳ ಮುಂದಿನ ಯುಗಾದಿಯವರೆಗೂ ನಡೆಯಿತು. ಮಳೆ ನಿಂತು ಬಿಸಿಲು ಬಂದಾಗ ವಿಮಾನ ಅಲ್ಲಿರಲಿಲ್ಲ. ನಾನು ಅದಕ್ಕೆ ಹೊರಡುವ ಕರೆ ಕೊಡಲಿಲ್ಲವಲ್ಲ ಎಂದು ಸ್ವಲ್ಪ ಬೇಸರವಾಯಿತು. ಈಗಲೂ ಹಪ್ಪಳದ ಹೊತ್ತಿಗೆ ಹೆಂಗಸರು ಸುಮ್ಮಸುಮ್ಮನೆ ಪಂಚೆಯ ತುದಿ ಹಿಡಿದು ಕಾಯುತ್ತಾರೆ, ಹೆಣ್ಣು ನೋಡಲು ಬಂದವರು ಸುಮ್ಮಸುಮ್ಮನೆ ಮಾತು ನಿಲ್ಲಿಸುತ್ತಾರೆ.

ಈ ವರ್ಷವೂ ಶಿಬಿರ ನಡೆಯುತ್ತಿದೆ. ನೆರಳು ತುಳಿಯುವ ಆಟಕ್ಕೆ ಮಕ್ಕಳು ಹೊಸ ಕಟ್ಟಳೆ ಮಾಡಿಕೊಂಡಿದ್ದಾರೆ. ತಾರಿಣಿ ಆಡಬಹುದು, ಅವಳು ಎಲ್ಲರನ್ನೂ ತುಳಿಯಬಹುದು. ಅವಳದ್ದನ್ನು ಯಾರೂ ತುಳಿಯುವ ಹಾಗಿಲ್ಲ, ಅದು ಪಾಪು. ಇದು ನ್ಯಾಯವಲ್ಲ ಎಂದು ಶರಭ ದಿನಾ ವಾದಿಸುತ್ತಾನೆ, ದಿನಾ ಸೋಲುತ್ತಾನೆ. ಅವಳು ಓಡುವುದು ಮಾತ್ರ ಕಡಿಮೆ. ನಾಲ್ಕು ಹೆಜ್ಜೆ ಹಾಕಿ ನಿಂತು, ಹಿಂದೆ ತಿರುಗಿ, ಅದು ಅಂಬೆಗಾಲಿನಲ್ಲಿ ಬರುವುದನ್ನು ಕಾಯುತ್ತಾಳೆ. ಹೋದ ವಾರ ಅದು ಅವಳ ಕಾಲು ಹಿಡಿದು ಎದ್ದು ನಿಂತಿತೆಂದು ಭಾಗೀರಥಿ ಬೀದಿಗೆಲ್ಲ ಹಪ್ಪಳ ಹಂಚಿದಳು.

ನಿನ್ನೆ ನಡು ಮಧ್ಯಾಹ್ನ, ಶಿಬಿರ ಭರದಿಂದ ನಡೆಯುತ್ತಿದ್ದಾಗ, ನಾನು ಮೈಕು ಹಿಡಿದು ಮಕ್ಕಳನ್ನು ಊಟಕ್ಕೆ ಕರೆಯಲು ಅಂಗಳಕ್ಕೆ ಬಂದೆ. ತಾರಿಣಿ ನೆತ್ತಿ ಸುಡುವ ಬಿಸಿಲಿನಲ್ಲಿ, ಅಂಗಳದ ಸರಿ ನಡುವೆ, ಒಂದು ಕಾಲು ಮುಂದಿಟ್ಟು ಹಾಗೇ ಕಲ್ಲಾಗಿ ನಿಂತಿದ್ದಳು. ಬೆವರು ಹುಬ್ಬಿನಿಂದ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಕೂಡ ಎತ್ತುತ್ತಿರಲಿಲ್ಲ. ಮಿಕ್ಕ ಮಕ್ಕಳು ದೂರದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು.

"ಯಾಕಮ್ಮ ಹೀಗೆ ನಿಂತಿದೀಯಾ? ಮರದ ಕೆಳಗೆ ಬಾರೇ," ಎಂದೆ.

ಅವಳು ಕಣ್ಣಿನಲ್ಲೇ ಕೆಳಗೆ ತೋರಿಸಿದಳು. ಪಾದದ ಬುಡದಲ್ಲಿ ಅದು ಮುದುಡಿಕೊಂಡು, ಒಂದು ಕೈಯಲ್ಲಿ ಅವಳ ಹೆಬ್ಬೆರಳು ಹಿಡಿದುಕೊಂಡು ಬಿದ್ದಿತ್ತು.

"ಶ್," ಎಂದಳು. "ಮಲಗಿದೆ ಟೀಚರ್."

ನಾನು ಮೈಕು ಆರಿಸಿ, ಸದ್ದಾಗದ ಹಾಗೆ ಕೆಳಗಿಟ್ಟೆ.